ಹೆಸರು ಬೀಜಕದೊಳಗಿದೆ

ಸುರೇಬಾನ ದಾಟಿ ಶಬರಿಕೊಳ್ಳದ ದಾರಿ ಹಿಡಿಯುವ ಹೊತ್ತಿಗೆ, ಎರಡು ದಿನದಿಂದ ಜಿಟಿಜಿಟಿ ಹಿಡಿದಿದ್ದ ಮಳೆ ಬಿಡುವು ಕೊಟ್ಟಿತ್ತು. ಇದು ರಾಮದುರ್ಗ ತಾಲ್ಲೂಕು, ಮಳೆಗೆ ಕಾಯುವ ಸೀಮೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಸುರಿಯುವ ಮಳೆಗೂ ಅದೇ ಹೊಳೆ ಹಾಯುವ ಇಲ್ಲಿನ ಮಳೆಗೂ ಹೋಲಿಕೆಯೇ ಇಲ್ಲ. ಬೇಸಿಗೆಯಲ್ಲಿ ಕಾದ ಹಂಚಿನಂತಾಗುವ ಈ ಮರಳುಗಲ್ಲಿನ ಗುಡ್ಡ ಶ್ರಾವಣದಲ್ಲಿ ಸಂದುಸಂದಿನಲ್ಲೂ ಒಸರುತ್ತದೆ. ಆ ಒಸರಿನಲ್ಲಿ ಬೆಳೆಯುವುದನ್ನೇ ಹುಡುಕಿಕೊಂಡು ಬಂದಿದ್ದೆ.

ಗುಡಿಯ ಆಚೆ, ಬಂಡೆಯ ಬುಡದಲ್ಲಿ ನಿಂತ ಅಂಗೈಯಗಲದ ಮಣ್ಣಿನ ಮೇಲೆ ಅದು ಸಿಕ್ಕಿತು: ನಾಲ್ಕಾಣೆಯಷ್ಟಗಲದ ಹಸಿರು ರಂಗೋಲಿ. ಮಂಡಿಯೂರಿ ಮಸೂರ ಹಿಡಿದೆ. ನಡುವಿನಿಂದ ಹೊರಟ ಪ್ರತಿ ಎಸಳೂ ತುದಿಯಲ್ಲಿ ಎರಡಾಗಿ ಕವಲೊಡೆದಿದೆ. ಎಸಳಿನ ನಡುವೆ ಸಣ್ಣ ಕಾಲುವೆ, ಅದರಲ್ಲಿ ನಿಂತ ಒಂದು ಹನಿ. ರಿಕ್ಸಿಯಾ! ಲಿವರ್‌ವರ್ಟ್ ಬಳಗದ ಪುಟ್ಟ ಸಸ್ಯ.

"ಏನ್ ಕಳಕೊಂಡಿ ತಮ್ಮಾ? ಆಗಳಿಂದ ನೆಲಾ ನೋಡಾಕತ್ತಿ," ಎಂದರು ಕೊಡ ಹೊತ್ತು ಬಂದ ಅಜ್ಜಿ.

"ಏನಿಲ್ಲ ಯವ್ವಾ, ಈ ಹಸರು ನೋಡಾಕತ್ತೀನಿ."

"ಪಾಚಿ ಅದು. ಕಾಲು ಜಾರತೈತಿ, ನೋಡಿ ಅಡ್ಡಾಡು."

ಪಾಚಿಯಲ್ಲ ಎಂದು ಹೇಳಬೇಕೆನಿಸಿತು, ಅಷ್ಟರಲ್ಲಿ ಅವರು ಮೆಟ್ಟಿಲು ಹತ್ತಿದ್ದರು. ಇದಕ್ಕೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಒಂದೇ ಜೀವಕೋಶದ ಕೂದಲೆಳೆಗಳಿಂದ ಮಣ್ಣನ್ನು ಹಿಡಿದಿರುತ್ತದೆ. ಒಣಗಿದಾಗ ಎಷ್ಟೋ ಜಾತಿಗಳು ಅಂಚು ಮಡಚಿ ಮುದುಡಿ ಮಣ್ಣಿನ ಬಣ್ಣದಲ್ಲಿ ಮರೆಯಾಗುತ್ತವೆ, ಮಳೆ ಬಿದ್ದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾಗಳ ಒಣ ನೆಲದಲ್ಲೂ ಇದರ ಬಂಧುಗಳಿವೆ. ಅಲ್ಲಿ ಮಳೆ ಚಳಿಗಾಲದ್ದು, ಹಾಗಾಗಿ ಅಲ್ಲಿ ಇವನ್ನು ಹುಡುಕುವವರು ನಮ್ಮ ಸುಗ್ಗಿಯ ಹೊತ್ತಿಗೆ ನೆಲಕ್ಕೆ ಬಾಗುತ್ತಾರೆ.

ಯಾವ ದೇಶದಲ್ಲಾದರೂ "ಈ ಜಾತಿ ಇಲ್ಲಿದೆ" ಎಂದು ಖಚಿತಪಡಿಸುವುದು ನೋಡಿದೆನೆಂಬ ಮಾತಿನಿಂದಲ್ಲ, ಕಾಗದದ ಪೊಟ್ಟಣದೊಳಗಿನ ಮಾದರಿಯಿಂದ. ಹಳೆಯ ಪಟ್ಟಿಯಲ್ಲಿ ಹೆಸರಿದ್ದರೂ ಮಾದರಿ ಇಲ್ಲದಿದ್ದರೆ ಅನುಮಾನ ಉಳಿಯುತ್ತದೆ.  ಮಾದರಿ ಕೈಲಿದ್ದರೂ ಕುಲ ಗುರುತಿಸುವುದಷ್ಟೇ ಸುಲಭ, ಜಾತಿ ಹೇಳುವುದು ಕಷ್ಟ. ಬೀಜಕದ (ಸ್ಪೋರ್) ಕೋಶ ರಿಕ್ಸಿಯಾದ ಮೈಯೊಳಗೇ ಹುದುಗಿರುತ್ತದೆ. ಮಾಗಿದಾಗ ಎಸಳಿನ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎಸಳು ಕೊಳೆತ ಮೇಲೆಯೇ ಬೀಜಕ ಮಣ್ಣಿಗೆ ಸೇರುವುದು. ಸೂಕ್ಷ್ಮದರ್ಶಕದಡಿ ಆ ಬೀಜಕದ ಮೈಮೇಲಿನ ಬಲೆಯ ಕಣ್ಣುಗಳನ್ನು ಎಣಿಸಿ, ಅಳೆದು ನೋಡಿದರೆ ಮಾತ್ರ ಹೆಸರು. ಮಾಗುವ ಮುಂಚೆ ಕಿತ್ತರೆ ಗಿಡವೂ ಹೋಯಿತು, ಹೆಸರೂ ಸಿಗಲಿಲ್ಲ. ಈ ಆತುರದ ನಷ್ಟ ನನಗೆ ನಿಜಕ್ಕೂ ನೋವು ಕೊಡುತ್ತದೆ.

ಒಂದೊಂದೇ ಎಸಳನ್ನು ಬೆಳಕಿಗೆ ಓರೆಯಾಗಿ ನೋಡುತ್ತ ಹೋದೆ. ಎಲ್ಲ ಎಳೆಯವು. ಬಂಡೆಯ ತೀರಾ ಅಂಚಿನದರ ಹಳೆಯ ಭಾಗದಲ್ಲಿ ಮಾತ್ರ ಸಾಸಿವೆಗಿಂತ ಸಣ್ಣ ಮೂರು ಕಪ್ಪು ಚುಕ್ಕೆ. ಚಾಕುವಿನ ಮೊನೆಯಿಂದ ಅದೊಂದನ್ನೇ ಮಣ್ಣು ಸಮೇತ ಎತ್ತಿ ಪೊಟ್ಟಣಕ್ಕೆ ಹಾಕಿದೆ. ಮೇಲೆ ಬರೆದೆ: ಶಬರಿಕೊಳ್ಳ, ರಾಮದುರ್ಗ ತಾಲ್ಲೂಕು, ಬೆಳಗಾವಿ ಜಿಲ್ಲೆ, ಒಸರುವ ಮರಳುಗಲ್ಲಿನ ಬುಡದ ಮಣ್ಣು, ತಾರೀಖು. ಉಳಿದವನ್ನು ಹಸ್ತದ ಮಳೆಯವರೆಗೆ ಅಲ್ಲೇ ಬಿಟ್ಟೆ.