ಕೇಪಿನ ಕೋವಿ: ಹೊಳಪು ನೋಡುವ ಮೊದಲು ಕೀಲು ನೋಡಿ

ಚಿಂತಾಮಣಿ: ತಾಲ್ಲೂಕಿನ ಕೆಂಚಾರ್ಲಹಳ್ಳಿಯಂಥ ಬಯಲುಸೀಮೆಯ ಊರಾಗಲಿ, ಕೊಡಗಿನ ಕಾಫಿ ತೋಟವಾಗಲಿ, ಬೆಳೆ ಕಾಯುವ ರೈತನಿಗೆ ಕಾನೂನು ಮೊದಲು ಸೂಚಿಸುವ ಆಯುಧ ಒಂದೇ. ಅದು ಬಾಯಿಯಿಂದ ಮದ್ದು ತುಂಬುವ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಈ ಬಗೆಯ ಕೋವಿಯನ್ನೇ ಹೆಸರಿಸಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆ ಬಂದೂಕಿಗೆ ಪರವಾನಗಿ ದೊರೆಯುತ್ತದೆ. ಹೀಗಾಗಿ, ಜಗತ್ತಿನ ಸೇನೆಗಳು ಒಂದೂವರೆ ಶತಮಾನದ ಹಿಂದೆಯೇ ಕೈಬಿಟ್ಟ ತಂತ್ರ ಕರ್ನಾಟಕದ ಹಳ್ಳಿಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ತಂತ್ರ ಸರಳವಾದುದರಿಂದ ಅಪಾಯವೂ ಕಡಿಮೆ ಎಂಬ ಭಾವನೆ ಸರಿಯಲ್ಲ. ಇಂಥ ಕೋವಿಯ ಸುರಕ್ಷತೆ ಅದರ ಬಿಡಿಭಾಗಗಳು ಪರಸ್ಪರ ಎಷ್ಟು ಬಿಗಿಯಾಗಿ ಕೂಡಿವೆ ಎಂಬುದನ್ನೇ ಅವಲಂಬಿಸಿದೆ.

ಕೆಲಸ ಮಾಡುವ ಬಗೆ

ಬಡಿತಕ್ಕೆ ಕಿಡಿಯಾಗುವ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಮುಂದೆ ಅದೇ ರಾಸಾಯನಿಕ ತಾಮ್ರದ ಪುಟ್ಟ ಟೋಪಿಯೊಳಗೆ ಸೇರಿ 'ಕೇಪು' ಆಯಿತು. ಕೇಪನ್ನು ನಿಪ್ಪಲ್ ಎಂಬ ಸಣ್ಣ ಉಕ್ಕಿನ ಕೊಳವೆಯ ತುದಿಗೆ ಕೂರಿಸುತ್ತಾರೆ. ಕುದುರೆ ಅದರ ಮೇಲೆ ಬಡಿದಾಗ ಕಿಡಿ ಕೊಳವೆಯ ಮೂಲಕ ಒಳಗಿನ ಮದ್ದಿಗೆ ಹಾಯುತ್ತದೆ. ಮದ್ದು ಉರಿದು ಉಂಟಾದ ಅನಿಲ ಚರೆಯನ್ನು ಮುಂದಕ್ಕೆ ನೂಕುತ್ತದೆ. ಅಷ್ಟೇ ಬಲದಿಂದ ಹಿಂದಿನ ಬಿರುಕು, ಸಡಿಲ ತಿರುಪುಗಳನ್ನೂ ಹುಡುಕುತ್ತದೆ. ಆ ಬಿರುಕಿನ ಎದುರಿಗೆ ಇರುವುದು ಹಾರಿಸುವವನ ಕಣ್ಣು ಮತ್ತು ಕೈ.

ಮೊದಲ ಪರೀಕ್ಷೆ: ಕೋವಿ ಖಾಲಿಯೇ?

ಅಟ್ಟದ ಮೇಲಿನ ಹಳೆಯ ಕೋವಿಯಲ್ಲಿ ಯಾರೋ ತುಂಬಿಟ್ಟ ಮದ್ದು ವರ್ಷಗಳ ನಂತರವೂ ಸಿಡಿಯಬಲ್ಲದು. ಕುದುರೆ ಎತ್ತಿ ನೋಡಿದರೆ ಇದು ತಿಳಿಯದು. ನಿಪ್ಪಲ್ ಮೇಲೆ ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯ ಬಾಯಿಗೆ ಮುಖ ಕೊಡದೆ, ಮದ್ದು ಇಡಿಯುವ ಸರಳನ್ನು ನಿಧಾನವಾಗಿ ಇಳಿಸಿ ಬಾಯಿಯ ಅಂಚಿಗೆ ಗುರುತು ಹಾಕಬೇಕು. ಅನಂತರ ಅದೇ ಸರಳನ್ನು ನಳಿಗೆಯ ಹೊರಮೈಗೆ ಹಿಡಿದು ಹೋಲಿಸಬೇಕು. ತುದಿ ನಿಪ್ಪಲ್ ಇರುವ ಜಾಗದವರೆಗೆ ಮುಟ್ಟಿದರೆ ಖಾಲಿ. ಬೆರಳುಗಳಷ್ಟು ಮೊದಲೇ ನಿಂತರೆ ಒಳಗೆ ಮದ್ದು ಇದೆ ಎಂದೇ ಭಾವಿಸಬೇಕು. ಅದನ್ನು ಮನೆಯಲ್ಲಿ ಕೆದಕದೆ ಪರವಾನಗಿ ಇರುವ ಬಂದೂಕು ದುರಸ್ತಿಗಾರರಿಗೆ ಒಪ್ಪಿಸುವುದು ಕ್ಷೇಮ.

ನಾಲ್ಕು ಕೀಲುಗಳು

ಖಾಲಿ ಎಂದು ಖಚಿತವಾದ ಮೇಲೆ ನೋಡಬೇಕಾದ ಮೊದಲ ಜಾಗ ನಳಿಗೆಯ ಹಿಂಬದಿಯನ್ನು ಮುಚ್ಚುವ ತಿರುಪು. ಅದರ ಸುತ್ತ ಮಸಿಯ ಗೆರೆ ಕಂಡರೆ ಅನಿಲ ಸೋರುತ್ತಿದೆ ಎಂದರ್ಥ.

ಎರಡನೆಯದು ನಿಪ್ಪಲ್. ಕೈಯಲ್ಲಿ ಅಲುಗಾಡುವ, ಬಾಯಿ ಚಪ್ಪಟೆಯಾದ ಅಥವಾ ರಂಧ್ರ ದೊಡ್ಡದಾದ ನಿಪ್ಪಲ್ ಅನ್ನು ಬದಲಿಸಲೇಬೇಕು.

ಮೂರನೆಯದು ಕುದುರೆಯ ಹಲ್ಲು. ಅರ್ಧಕ್ಕೆ ಎಳೆದು ನಿಲ್ಲಿಸಿದ ಕುದುರೆ ಟ್ರಿಗರ್ ಒತ್ತಿದರೂ ಬೀಳಬಾರದು. ಬಿದ್ದರೆ ಹಲ್ಲು ಸವೆದಿದೆ. ಹೆಗಲಲ್ಲಿ ಹೊತ್ತು ಬೇಲಿ ದಾಟುವಾಗ ಆ ಕೋವಿ ತಾನಾಗಿ ಸಿಡಿಯಬಹುದು.

ನಾಲ್ಕನೆಯದು ಮರ ಮತ್ತು ಲೋಹದ ಕೂಡಿಕೆ. ನಳಿಗೆಯ ಬುಡ ಮರಕ್ಕೆ ಒತ್ತಿ ಕೂತಿರಬೇಕು. ಅಲ್ಲಿ ಸಂದು ಇದ್ದರೆ ಪ್ರತಿ ಸಲದ ಒದೆತಕ್ಕೆ ಮರ ಸೀಳುತ್ತ ಹೋಗುತ್ತದೆ. ಹೊಸ ಪಾಲಿಷ್ ಈ ಸೀಳನ್ನು ಮರೆಮಾಚಬಲ್ಲದು.

ರಿವಾಲ್ವರ್ ಮಾದರಿಗಳು

ಇದೇ ಕೇಪಿನ ತಂತ್ರದ ರಿವಾಲ್ವರ್‌ಗೆ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದ ಹಕ್ಕುಪತ್ರ ಪಡೆದರು. ಆ ಮಾದರಿಗಳ ನಕಲುಗಳನ್ನು ಇಟಲಿಯ ಉಬರ್ಟಿ, ಪಿಯೆಟ್ಟಾ ಮುಂತಾದ ಸಂಸ್ಥೆಗಳು ತಯಾರಿಸುತ್ತವೆ. ಅಲ್ಲಿನ ಗ್ರಾಹಕರು ನೋಡುವುದೂ ಕೀಲುಗಳನ್ನೇ. ಕುದುರೆ ಪೂರ್ತಿ ಎಳೆದಾಗ ಗುಂಡಿನ ಉರುಳೆ ಅಲುಗದೆ ನಿಲ್ಲಬೇಕು. ಅದರ ಕೋಣೆ ನಳಿಗೆಗೆ ನೇರವಾಗಿರಬೇಕು. ಕೋಲ್ಟ್ ಮಾದರಿಯಲ್ಲಿ ಉರುಳೆಯ ಅಚ್ಚು ನಳಿಗೆಯ ಭಾಗದೊಳಗಿನ ತಳವನ್ನು ಮುಟ್ಟಬೇಕು. ಮುಟ್ಟದಿದ್ದರೆ, ಬೆಣೆ ಬಡಿದಷ್ಟೂ ನಳಿಗೆ ಹಿಂದೆ ಸರಿದು ಉರುಳೆಗೆ ತಗಲುತ್ತದೆ. ಕೇಪು ಸಡಿಲವಾದರೆ ಒಂದು ಕೋಣೆಯ ಕಿಡಿ ಪಕ್ಕದ ಕೋಣೆಗೂ ಹಾರುವ ಭಯವಿದೆ.

ಕೆಲವು ದೇಶಗಳಲ್ಲಿ ಇವುಗಳಿಗೆ ನಿಯಮ ಸಡಿಲ. ಭಾರತದಲ್ಲಿ ಹಾಗಿಲ್ಲ. ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುವುದು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ. ಅದೂ ದುರಸ್ತಿ ಮಾಡಿದರೂ ಹಾರದಂಥವುಗಳಿಗೆ ಮಾತ್ರ. ಹಾರಬಲ್ಲ ನಕಲು ನೋಡಲು ಎಷ್ಟೇ ಹಳೆಯದಾಗಿರಲಿ, ಪರವಾನಗಿ ಬೇಕು.

ಕಾಗದವೂ ಒಂದು ಕೀಲು

ಗುರುತಿನ ಸಂಖ್ಯೆ ಇಲ್ಲದ ಬಂದೂಕನ್ನು ಮಾರುವುದು, ಹಸ್ತಾಂತರಿಸುವುದು ನಿಷಿದ್ಧ. ನಳಿಗೆಯ ಮೇಲಿನ ಸಂಖ್ಯೆ ಪರವಾನಗಿ ಪುಸ್ತಕದ ಸಂಖ್ಯೆಗೆ ತಾಳೆಯಾಗಬೇಕು. ಪರವಾನಗಿ ಇಲ್ಲದವರಿಂದ ವೃತ್ತಿಯಾಗಿ ನಡೆಯುವ ತಯಾರಿಕೆ, ದುರಸ್ತಿಯೂ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ ಇನ್ನಷ್ಟು ಕಠಿಣವಾಗಿದೆ.

ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಉಳಿದವರಿಗೆ ಈ ರಿಯಾಯಿತಿ ಇಲ್ಲ. ಇನ್ನು, ಕೋವಿಯ ಪರವಾನಗಿ ಬೇಟೆಯ ಪರವಾನಗಿಯೂ ಅಲ್ಲ. ಹೊಲಕ್ಕಿಳಿದ ನವಿಲಿಗೂ ಹಂದಿಗೂ 1972ರ ವನ್ಯಜೀವಿ ಕಾಯ್ದೆ ಅನ್ವಯಿಸುತ್ತದೆ.

ನಗರದಲ್ಲಿ ನೆಲೆಸಿದ ಮಕ್ಕಳು ಗಮನಿಸಬೇಕಾದ ಅಂಶವೊಂದಿದೆ. ಪರವಾನಗಿದಾರರಾದ ತಂದೆ ಅಥವಾ ಅಜ್ಜ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಉಳಿದ ಕೋವಿಯನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರುವುದು ಆಮೇಲಿನ ಮಾತು. ಠಾಣೆಗೆ ಒಯ್ಯುವ ಮುನ್ನ ಸರಳು ಇಳಿಸಿ ನೋಡುವ ಒಂದು ನಿಮಿಷದ ಪರೀಕ್ಷೆಯನ್ನು ಮಾತ್ರ ಮರೆಯಬಾರದು.