ನಿಮಗಿದು ಗೊತ್ತೇ? ಕೌಂಟಿಯ ಕುರ್ಚಿ ತೆರವಾದಾಗ

ಅಮೆರಿಕದ ಚುನಾವಣೆ ಎಂದರೆ ನಮ್ಮ ಕಣ್ಣಿಗೆ ಬೀಳುವುದು ನಾಲ್ಕು ವರ್ಷಕ್ಕೊಮ್ಮೆ ಬರುವ ಅಧ್ಯಕ್ಷರ ಚುನಾವಣೆ. ಆದರೆ ಅಲ್ಲಿ ನೆಲೆಸಿದವರ ದಿನನಿತ್ಯದ ಬದುಕನ್ನು ಮುಟ್ಟುವ ಚುನಾವಣೆ ಇನ್ನೊಂದಿದೆ. ಅದು ಕೌಂಟಿ ಎಕ್ಸಿಕ್ಯೂಟಿವ್ ಹುದ್ದೆಯದು. ಅದರಲ್ಲೂ ಹಾಲಿ ಇದ್ದವರು ಕಣದಲ್ಲಿಲ್ಲದೆ ಕುರ್ಚಿ ತೆರವಾದಾಗ ನಡೆಯುವ ಸ್ಪರ್ಧೆಯಲ್ಲಿ ಒಂದೊಂದು ಮತಕ್ಕೂ ಎಂಥ ತೂಕ ಬರುತ್ತದೆ ಎಂಬುದನ್ನು ನೋಡಿದರೆ ಅಚ್ಚರಿಯಾಗುತ್ತದೆ.

ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ಲೂಸಿಯಾನಾದಲ್ಲಿ ಅವನ್ನು ಪ್ಯಾರಿಷ್ ಎನ್ನುತ್ತಾರೆ, ಅಲಾಸ್ಕದಲ್ಲಿ ಬರೋ. ಕನೆಕ್ಟಿಕಟ್ ರಾಜ್ಯ 1960ರಲ್ಲಿ ಕೌಂಟಿ ಸರ್ಕಾರಗಳನ್ನೇ ತೆಗೆದುಹಾಕಿತು.

ನಮ್ಮ ಜಿಲ್ಲೆಯ ಆಡಳಿತ ನಡೆಸುವ ಡಿ.ಸಿ. ಸರ್ಕಾರ ನೇಮಿಸಿದ ಅಧಿಕಾರಿ. ಕೌಂಟಿ ಎಕ್ಸಿಕ್ಯೂಟಿವ್ ಹಾಗಲ್ಲ, ಜನರೇ ನೇರವಾಗಿ ಮತ ಹಾಕಿ ಆರಿಸುವ ವ್ಯಕ್ತಿ. ಎಲ್ಲ ಕೌಂಟಿಗಳಲ್ಲೂ ಈ ಹುದ್ದೆ ಇಲ್ಲ. ಹಲವೆಡೆ ಚುನಾಯಿತ ಮಂಡಳಿಯೇ ಒಬ್ಬ ಮ್ಯಾನೇಜರನ್ನು ನೇಮಿಸಿಕೊಳ್ಳುತ್ತದೆ. ಮಯಾಮಿ-ಡೇಡ್ ಕೌಂಟಿಗೆ ಮೇಯರ್ ಇದ್ದಾರೆ. ಟೆಕ್ಸಾಸ್‌ನಲ್ಲಿ ಈ ಹೊಣೆ ಕೌಂಟಿ ಜಡ್ಜ್ ಅವರದು, ಆ ಹುದ್ದೆಗೆ ಕಾನೂನು ಪದವಿ ಬೇಕೆಂದೇನೂ ಇಲ್ಲ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2018ರಲ್ಲಿ ಗೆದ್ದ ಲೀನಾ ಹಿಡಾಲ್ಗೊ ಅವರಿಗೆ ಆಗ ವಯಸ್ಸು 27. 2026ರಲ್ಲಿ ತಾವು ಸ್ಪರ್ಧಿಸುವುದಿಲ್ಲ ಎಂದು ಅವರು ಘೋಷಿಸಿದ್ದರಿಂದ ಅಲ್ಲಿಯೂ ಕುರ್ಚಿ ತೆರವಾಯಿತು.

ತೀರಾ ಇತ್ತೀಚಿನ, ನಮಗೂ ಹತ್ತಿರದ ಉದಾಹರಣೆ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ. ಸಿಯಾಟಲ್ ನಗರ ಇರುವುದು ಇಲ್ಲೇ. ಮೈಕ್ರೋಸಾಫ್ಟ್ ಇರುವ ರೆಡ್ಮಂಡ್, ಕನ್ನಡದ ಮನೆಗಳು ಹೆಚ್ಚುತ್ತಲೇ ಇರುವ ಬೆಲ್ವ್ಯೂ, ಸಮಾಮಿಶ್ ಎಲ್ಲವೂ ಇದರೊಳಗೇ ಬರುತ್ತವೆ. ಸಹ್ಯಾದ್ರಿ ಕನ್ನಡ ಸಂಘ ರಾಜ್ಯೋತ್ಸವ ಆಚರಿಸುವುದೂ ಈ ಭಾಗದಲ್ಲೇ. ಜನಸಂಖ್ಯೆ 22 ಲಕ್ಷಕ್ಕೂ ಹೆಚ್ಚು.

2009ರಿಂದ ಇಲ್ಲಿ ಎಕ್ಸಿಕ್ಯೂಟಿವ್ ಆಗಿದ್ದವರು ಡೌ ಕಾನ್‌ಸ್ಟಂಟೈನ್. ಐದನೇ ಅವಧಿಗೆ ನಿಲ್ಲುವುದಿಲ್ಲ ಎಂದು 2024ರ ಕೊನೆಯಲ್ಲಿ ಹೇಳಿದರು. ಮರುವರ್ಷ ಅವಧಿ ಮುಗಿಯುವ ಮೊದಲೇ ಕುರ್ಚಿ ಬಿಟ್ಟು, ಆ ಭಾಗದ ರೈಲು ಸಂಪರ್ಕ ನೋಡಿಕೊಳ್ಳುವ ಸೌಂಡ್ ಟ್ರಾನ್ಸಿಟ್ ಸಂಸ್ಥೆಯ ಮುಖ್ಯಸ್ಥರಾದರು. ಆ ಸಂಸ್ಥೆಯ ಮಂಡಳಿಗೆ ಕಿಂಗ್ ಕೌಂಟಿಯ ಸದಸ್ಯರನ್ನು ಹೆಸರಿಸುವ ಅಧಿಕಾರ ಇರುವುದು ಎಕ್ಸಿಕ್ಯೂಟಿವ್‌ಗೇ. ಹಾಗಾಗಿ ಆ ನೇಮಕ ದೊಡ್ಡ ಚರ್ಚೆಗೆ ಕಾರಣವಾಯಿತು. ಚರ್ಚೆ ಆಗಬೇಕಾದದ್ದೇ ಎಂದು ನನ್ನ ಅಭಿಪ್ರಾಯ. ತಾನು ಆರಿಸಿದವರೇ ತನ್ನನ್ನು ಆರಿಸುವಾಗ ಜನ ಪ್ರಶ್ನೆ ಕೇಳದಿದ್ದರೆ ಇನ್ನು ಯಾವಾಗ ಕೇಳುವುದು?

ಕುರ್ಚಿಯಲ್ಲಿದ್ದವರು ಹೀಗೆ ಮೇಲಕ್ಕೋ ಆಚೆಗೋ ಹೋಗುವುದು ಕಿಂಗ್ ಕೌಂಟಿಗೆ ಹೊಸದಲ್ಲ. ಮೊದಲ ಎಕ್ಸಿಕ್ಯೂಟಿವ್ ಜಾನ್ ಸ್ಪೆಲ್ಮನ್ 1969ರಲ್ಲಿ ಬಂದರು, 1981ರಲ್ಲಿ ರಾಜ್ಯಪಾಲರಾದರು. ಅಲ್ಲಿ ರಾಜ್ಯಪಾಲರೂ ಚುನಾಯಿತರೇ, ನಮ್ಮ ಮುಖ್ಯಮಂತ್ರಿಯಂತೆ. ಗ್ಯಾರಿ ಲಾಕ್ 1997ರಲ್ಲಿ ಅದೇ ಹಾದಿ ಹಿಡಿದರು. ಅಮೆರಿಕದ ಮೊದಲ ಚೀನೀ ಮೂಲದ ರಾಜ್ಯಪಾಲರು ಅವರು, ಮುಂದೆ ಚೀನಾಕ್ಕೆ ರಾಯಭಾರಿಯಾಗಿಯೂ ಹೋದರು. ಅವರ ನಂತರ ಬಂದ ರಾನ್ ಸಿಮ್ಸ್ 2009ರಲ್ಲಿ ಒಬಾಮಾ ಸರ್ಕಾರದ ವಸತಿ ಇಲಾಖೆ ಸೇರಿದರು.

ನಡುವೆ ಕುರ್ಚಿ ತೆರವಾದರೆ ಕೌಂಟಿಯ ಚುನಾಯಿತ ಮಂಡಳಿಯಾದ ಕೌನ್ಸಿಲ್ ಒಬ್ಬರನ್ನು ತಾತ್ಕಾಲಿಕವಾಗಿ ಕೂರಿಸುತ್ತದೆ. 2025ರಲ್ಲಿ ಹಾಗೆ ಕುಳಿತವರು ಶಾನನ್ ಬ್ರಾಡಕ್. ಆ ಕುರ್ಚಿಯಲ್ಲಿ ಕುಳಿತ ಮೊದಲ ಮಹಿಳೆ ಅವರು. ಅವರು ಚುನಾವಣೆಗೆ ನಿಲ್ಲಲಿಲ್ಲ. ಜನರ ಮತದಿಂದ ಗೆದ್ದು ಆ ಕುರ್ಚಿ ಏರಿದ ಮಹಿಳೆ ಇಂದಿಗೂ ಇಲ್ಲ.

ಹಾಗೆ ನೋಡಿದರೆ 2025ರ ಕೊನೆಯ ಸುತ್ತಿನಲ್ಲಿ ಒಬ್ಬ ಮಹಿಳೆ ಇದ್ದರು. ಬೆಲ್ವ್ಯೂ ನಗರದ ಮೇಯರ್ ಆಗಿದ್ದ, ಕೌಂಟಿಯ ಜೈಲು ಇಲಾಖೆಯನ್ನೂ ನಡೆಸಿದ್ದ ಕ್ಲಾಡಿಯಾ ಬಲ್ಡೂಚಿ. ಎದುರಿಗಿದ್ದವರು ಗಿರ್ಮೆ ಜಹಿಲೆ. ಸುಡಾನಿನಲ್ಲಿ ಇಥಿಯೋಪಿಯಾ ಮೂಲದ ನಿರಾಶ್ರಿತ ತಂದೆತಾಯಿಗೆ ಹುಟ್ಟಿ, ಎಳೆಯ ಮಗುವಾಗಿ ಅಮೆರಿಕಕ್ಕೆ ಬಂದು, ಸಿಯಾಟಲ್‌ನ ಬಡಾವಣೆಗಳಲ್ಲಿ ಸರ್ಕಾರಿ ವಸತಿಯ ನೆರವಿನಿಂದ ಬೆಳೆದವರು. ವಕೀಲರಾಗಿ 2019ರಲ್ಲಿ ಕೌನ್ಸಿಲ್‌ಗೆ ಗೆದ್ದರು. ಇಬ್ಬರೂ ಕೌನ್ಸಿಲ್‌ನಲ್ಲಿ ಸಹೋದ್ಯೋಗಿಗಳು. ನವೆಂಬರ್‌ನಲ್ಲಿ ಜಹಿಲೆ ಗೆದ್ದರು. ನಿರಾಶ್ರಿತರ ಮಗನೊಬ್ಬ ಇಷ್ಟು ದೊಡ್ಡ ಕೌಂಟಿಯ ಮುಖ್ಯಸ್ಥನಾಗುವ ದಾರಿ ತೆರೆದಿತ್ತಲ್ಲ, ಅದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಆ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರೇ ಇರಲಿಲ್ಲ. 2008ರಲ್ಲಿ ಮತದಾರರೇ ಈ ಹುದ್ದೆಯನ್ನು ಪಕ್ಷಾತೀತಗೊಳಿಸಿದ್ದಾರೆ. ಆಗಸ್ಟ್‌ನ ಪ್ರೈಮರಿಯಲ್ಲಿ ಹೆಚ್ಚು ಮತ ಪಡೆದ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಅಷ್ಟೇ.

ಕೌಂಟಿಗೆ ಕಿಂಗ್ ಎಂಬ ಹೆಸರು ಯಾರದು? ಎರಡು ಉತ್ತರ ಇವೆ, ಎರಡೂ ಸರಿ. 1852ರಲ್ಲಿ ಕೌಂಟಿ ಹುಟ್ಟಿದಾಗ ಹೆಸರಿಟ್ಟದ್ದು ಆಗಷ್ಟೇ ಉಪಾಧ್ಯಕ್ಷರಾಗಿ ಆಯ್ಕೆಯಾಗಿದ್ದ ವಿಲಿಯಂ ರೂಫಸ್ ಕಿಂಗ್ ಅವರ ನೆನಪಿಗೆ. ಅಲಬಾಮಾದ ಆ ಜಮೀನುದಾರ ಗುಲಾಮರ ಒಡೆಯ. ಕಾಯಿಲೆಯಿಂದ ಕ್ಯೂಬಾದಲ್ಲಿದ್ದಾಗಲೇ ಪ್ರಮಾಣವಚನ ಸ್ವೀಕರಿಸಿ, ಕೆಲವೇ ವಾರಗಳಲ್ಲಿ ತೀರಿಕೊಂಡರು. 1986ರಲ್ಲಿ ಕೌನ್ಸಿಲ್ 5–4 ಮತಗಳಿಂದ ಆ ಗೌರವವನ್ನು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರಿಗೆ ವರ್ಗಾಯಿಸಿತು. ನಿರ್ಣಯ ಮಂಡಿಸಿದವರಲ್ಲಿ ಒಬ್ಬರು ಮುಂದೆ ಎಕ್ಸಿಕ್ಯೂಟಿವ್ ಆದ ಅದೇ ರಾನ್ ಸಿಮ್ಸ್. ರಾಜ್ಯದ ಕಾನೂನಿನ ಮುದ್ರೆ ಬಿದ್ದದ್ದು 2005ರಲ್ಲಿ. 2007ರಲ್ಲಿ ಲಾಂಛನದ ಕಿರೀಟ ಹೋಗಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮುಖ ಬಂತು. ಈಗ ಕೌಂಟಿಯ ಲಾಂಛನದಲ್ಲಿ ಆ ಮುಖವೇ ಇದೆ.

ಎಕ್ಸಿಕ್ಯೂಟಿವ್ ಕೈಯಲ್ಲಿ ಇರುವುದೇನು? ಮೆಟ್ರೋ ಬಸ್ಸು, ಸಾರ್ವಜನಿಕ ಆರೋಗ್ಯ, ಜೈಲು, ಬೋಯಿಂಗ್ ಫೀಲ್ಡ್ ಎಂದು ಕರೆಯುವ ವಿಮಾನ ನಿಲ್ದಾಣ, ಕಸ, ಕೊಳಚೆ ನೀರು.

ಕೊಳಚೆ ನೀರಿನ ಕಥೆ ಕೇಳಲೇಬೇಕು. ಸಿಯಾಟಲ್ ಮತ್ತು ಬೆಲ್ವ್ಯೂ ನಡುವಿನ ಲೇಕ್ ವಾಷಿಂಗ್ಟನ್ ಕೆರೆ 1950ರ ದಶಕದಲ್ಲಿ ಸುತ್ತಲಿನ ಊರುಗಳ ಚರಂಡಿ ನೀರು ಕುಡಿದು ಹಸಿರುಗಟ್ಟಿತ್ತು. ಪಾಚಿಯ ದುರ್ವಾಸನೆ ದಡದ ಮನೆಗಳಿಗೂ ಹಬ್ಬಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಕಾರಣ ತೋರಿಸಿದರು. ಚರಂಡಿ ನೀರಿನ ರಂಜಕವೇ ಪಾಚಿಗೆ ಗೊಬ್ಬರವಾಗಿತ್ತು. ಎಲ್ಲ ಊರುಗಳ ಕೊಳಚೆಯನ್ನು ಒಟ್ಟಾಗಿ ನೋಡಿಕೊಳ್ಳಲು ಮೆಟ್ರೋ ಎಂಬ ಸಂಸ್ಥೆ ಬೇಕು ಎಂಬ ಪ್ರಸ್ತಾಪ 1958ರ ಮಾರ್ಚ್‌ನಲ್ಲಿ ಮತದಾನಕ್ಕೆ ಬಂದು ಸೋತಿತು. ಬೆಂಬಲಿಗರು ಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತಿದ್ದಿ ತಂದಾಗ ಜನ ಒಪ್ಪಿದರು. 1968ರ ಹೊತ್ತಿಗೆ ಕೆರೆಗೆ ಬೀಳುತ್ತಿದ್ದ ಚರಂಡಿಗಳೆಲ್ಲ ತಿರುಗಿದವು. ಒಂದು ಮೀಟರ್ ಆಳವೂ ಕಾಣದಿದ್ದ ನೀರು ಮುಂದಿನ ವರ್ಷಗಳಲ್ಲಿ ಹಲವು ಮೀಟರ್ ಆಳದವರೆಗೆ ತಿಳಿಯಾಯಿತು. ಮತಪೆಟ್ಟಿಗೆಯಿಂದ ಒಂದು ಕೆರೆ ಬದುಕಿದ ಇಂಥ ಉದಾಹರಣೆ ಓದಿದಾಗಲೆಲ್ಲ ಬೆಂಗಳೂರಿನ ಬೆಳ್ಳಂದೂರು ಕೆರೆ ನೆನಪಾಗಿ ಮನಸ್ಸು ಕಲಕುತ್ತದೆ.

ಮುಂದೆ ಬಸ್ಸನ್ನೂ ನೋಡಿಕೊಂಡ ಆ ಮೆಟ್ರೋ ಕೌಂಟಿಯೊಳಗೆ ಸೇರಿದ್ದು ನ್ಯಾಯಾಲಯದ ತೀರ್ಪಿನಿಂದ. ಅದರ ಮಂಡಳಿಯಲ್ಲಿ ಪ್ರಾತಿನಿಧ್ಯ ಜನಸಂಖ್ಯೆಗೆ ತಕ್ಕಂತಿಲ್ಲ, ಒಬ್ಬರಿಗೆ ಒಂದು ಮತ ಎಂಬ ತತ್ವ ಮುರಿದಿದೆ ಎಂದು 1990ರಲ್ಲಿ ತೀರ್ಪು ಬಂತು. 1994ರಲ್ಲಿ ವಿಲೀನವಾಗಿ ಬಸ್ಸು, ಕೊಳಚೆ ಎರಡೂ ಎಕ್ಸಿಕ್ಯೂಟಿವ್ ಅವರ ಹೊಣೆಯಾದವು.

ಮತ ಹಾಕಲು ಇಲ್ಲಿ ಸರತಿ ನಿಲ್ಲಬೇಕಿಲ್ಲ. ಮತಪತ್ರ ಮನೆಗೇ ಅಂಚೆಯಲ್ಲಿ ಬರುತ್ತದೆ, ಜೊತೆಗೆ ಅಭ್ಯರ್ಥಿಗಳ ಮಾತಿರುವ ಕಿರುಪುಸ್ತಕವೂ. ತುಂಬಿ, ಸಹಿ ಹಾಕಿ ಅಂಚೆಗೆ ಹಾಕಬಹುದು, ಇಲ್ಲವೇ ರಸ್ತೆಬದಿಯ ಪೆಟ್ಟಿಗೆಗೆ ಚುನಾವಣೆಯ ದಿನ ರಾತ್ರಿ 8ರೊಳಗೆ ಹಾಕಬಹುದು. ಇಂಗ್ಲಿಷ್ ಅಲ್ಲದೆ ಚೀನೀ, ಕೊರಿಯನ್, ಸ್ಪ್ಯಾನಿಷ್, ವಿಯೆಟ್ನಾಮೀ ಮುಂತಾದ ಭಾಷೆಗಳಲ್ಲೂ ಮತಪತ್ರ ಸಿಗುತ್ತದೆ.

ಸಹಿಯ ಬಗ್ಗೆ ಒಂದು ಮಾತು. 2004ರ ರಾಜ್ಯಪಾಲರ ಚುನಾವಣೆಯಲ್ಲಿ ಸುಮಾರು 28 ಲಕ್ಷ ಮತಗಳ ಪೈಕಿ ಮೊದಲ ಎಣಿಕೆಯಲ್ಲಿ ಡಿನೋ ರೊಸ್ಸಿ 261 ಮತಗಳಿಂದ ಮುಂದಿದ್ದರು, ಎರಡನೆಯದರಲ್ಲಿ 42ರಿಂದ. ಮೂರನೆಯದನ್ನು ಕೈಯಿಂದಲೇ ಎಣಿಸಲಾಯಿತು. ಆ ಹೊತ್ತಿನಲ್ಲಿ ತಿರಸ್ಕೃತ ಮತದಾರರ ಪಟ್ಟಿ ನೋಡುತ್ತಿದ್ದ ಕಿಂಗ್ ಕೌಂಟಿ ಕೌನ್ಸಿಲ್ ಅಧ್ಯಕ್ಷ ಲ್ಯಾರಿ ಫಿಲಿಪ್ಸ್ ಅವರಿಗೆ ಅದರಲ್ಲಿ ತಮ್ಮದೇ ಹೆಸರು ಕಂಡಿತು! ಹುಡುಕಿದಾಗ ಸಹಿಯ ಕಾರಣಕ್ಕೆ ತಪ್ಪಾಗಿ ಬದಿಗಿಟ್ಟ 500ಕ್ಕೂ ಹೆಚ್ಚು ಮತಪತ್ರಗಳು ಸಿಕ್ಕವು. ಕೊನೆಗೆ ಎದುರಾಳಿ ಕ್ರಿಸ್ಟೀನ್ ಗ್ರೆಗೊಯರ್ 129 ಮತಗಳಿಂದ ಗೆದ್ದರು. ಆ ಗೊಂದಲದಿಂದ ಜನರಲ್ಲಿ ಉಳಿದ ಅಸಮಾಧಾನದ ಫಲವಾಗಿ 2008ರಲ್ಲಿ ಚುನಾವಣಾ ನಿರ್ದೇಶಕರ ಹುದ್ದೆ ಎಕ್ಸಿಕ್ಯೂಟಿವ್ ಕೈತಪ್ಪಿ ನೇರ ಚುನಾವಣೆಗೆ ಒಳಪಟ್ಟಿತು. ಮರುವರ್ಷ ತೆರವಾದ ಎಕ್ಸಿಕ್ಯೂಟಿವ್ ಕುರ್ಚಿಗೆ ಫಿಲಿಪ್ಸ್ ಸ್ಪರ್ಧಿಸಿ ಸೋತರು.

129ಕ್ಕಿಂತ ಕಡಿಮೆ ಬೇಕೇ? ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟಿಗೆ ಬನ್ನಿ. ರಾಜಧಾನಿ ವಾಷಿಂಗ್ಟನ್ ಪಕ್ಕದ ಈ ಕೌಂಟಿಯಲ್ಲಿ ಮೂರು ಅವಧಿಗಿಂತ ಹೆಚ್ಚು ಬೇಡ ಎಂದು 2016ರಲ್ಲಿ ಮತದಾರರು ತೀರ್ಮಾನಿಸಿದರು. ಐಸಾಯ ಲೆಗೆಟ್ ಅವರ ಮೂರು ಅವಧಿ 2018ಕ್ಕೆ ಮುಗಿಯಿತು, ಕುರ್ಚಿ ತೆರವಾಯಿತು. ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಮಾರ್ಕ್ ಎಲ್ರಿಚ್ ಉದ್ಯಮಿ ಡೇವಿಡ್ ಬ್ಲೇರ್ ಅವರನ್ನು ಮರುಎಣಿಕೆಯ ನಂತರ 77 ಮತಗಳಿಂದ ಸೋಲಿಸಿದರು. ಬಿದ್ದ ಮತಗಳು ಲಕ್ಷಕ್ಕೂ ಮೀರಿದ್ದವು. ಅದೇ ಪಕ್ಷದ ಕೌನ್ಸಿಲ್ ಸದಸ್ಯೆ ನ್ಯಾನ್ಸಿ ಫ್ಲೋರೀನ್ ಫಲಿತಾಂಶ ನೋಡಿ ಪಕ್ಷ ಬಿಟ್ಟು ಪಕ್ಷೇತರರಾಗಿ ನಿಂತರು, ಆದರೂ ನವೆಂಬರ್‌ನಲ್ಲಿ ಎಲ್ರಿಚ್ ಗೆದ್ದರು. 2022ರ ಪ್ರೈಮರಿಯಲ್ಲಿ ಎಲ್ರಿಚ್ ಮತ್ತು ಬ್ಲೇರ್ ಮತ್ತೆ ಎದುರಾದರು. ಈ ಬಾರಿ ಎಲ್ರಿಚ್ ಗೆದ್ದ ಅಂತರ 32 ಮತ! ಒಂದು ಅಪಾರ್ಟ್‌ಮೆಂಟಿನ ಒಂದೆರಡು ಮಹಡಿಯವರು ಅಂದು ಮನೆಯಲ್ಲೇ ಉಳಿದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಬ್ಲೇರ್ ಸ್ವಂತ ಹಣ ಸುರಿದರು. ಎಲ್ರಿಚ್ ಬಳಸಿದ್ದು ಕೌಂಟಿಯ ಸಾರ್ವಜನಿಕ ನಿಧಿ. 2018ರಲ್ಲಿ ನಿಯಮ ಸರಳವಾಗಿತ್ತು. ಸ್ಥಳೀಯ ನಿವಾಸಿಯೊಬ್ಬರಿಂದ 150 ಡಾಲರಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ. ಎಕ್ಸಿಕ್ಯೂಟಿವ್ ಅಭ್ಯರ್ಥಿಗೆ ಬಂದ ಮೊದಲ 50 ಡಾಲರಿನ ಪ್ರತಿ ಡಾಲರಿಗೆ ಕೌಂಟಿ 6 ಡಾಲರ್ ಸೇರಿಸುತ್ತಿತ್ತು, ಮುಂದಿನ 50ಕ್ಕೆ ತಲಾ 4, ಕೊನೆಯ 50ಕ್ಕೆ ತಲಾ 2. ಅಂದರೆ 150ಕ್ಕೆ ಕೌಂಟಿಯ ಪಾಲು 600. ದುಡ್ಡಿದ್ದವರೇ ಚುನಾವಣೆಗೆ ನಿಲ್ಲಬೇಕು ಎಂಬ ಮಾತಿಗೆ ಇಷ್ಟು ಸ್ಪಷ್ಟವಾದ ಉತ್ತರ ಕೊಟ್ಟ ವ್ಯವಸ್ಥೆಗಳು ಕಡಿಮೆ.

2024ರಲ್ಲಿ ಮತದಾರರು ಎಕ್ಸಿಕ್ಯೂಟಿವ್ ಹುದ್ದೆಯ ಮಿತಿಯನ್ನು ಎರಡು ಅವಧಿಗೆ ಇಳಿಸಿದರು. ಹಾಗಾಗಿ 2026ರಲ್ಲಿ ಎಲ್ರಿಚ್ ನಿಲ್ಲುವಂತಿಲ್ಲ, ಕುರ್ಚಿ ಮತ್ತೆ ತೆರವು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಪಾತ್ರವೇನು? ಮನೆ ಕೊಂಡವರು ಕಿಂಗ್ ಕೌಂಟಿಯ ಖಜಾನೆಗೆ ವರ್ಷಕ್ಕೆರಡು ಸಲ, ಏಪ್ರಿಲ್ 30 ಮತ್ತು ಅಕ್ಟೋಬರ್ 31ರೊಳಗೆ, ಆಸ್ತಿ ತೆರಿಗೆ ಕಟ್ಟುತ್ತಾರೆ. ಶಾಲೆಯ ಪಾಲು, ಊರಿನ ಪಾಲು ಎಲ್ಲ ಅದರಲ್ಲೇ ಸೇರಿರುತ್ತದೆ. ಆದರೆ ಎಚ್-1ಬಿ ವೀಸಾದವರಿಗೆ, ಗ್ರೀನ್ ಕಾರ್ಡ್ ಇದ್ದವರಿಗೂ ಈ ಚುನಾವಣೆಯಲ್ಲಿ ಮತವಿಲ್ಲ. ಮತ ಬರುವುದು ಪೌರತ್ವ ಬಂದ ಮೇಲೆ. ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸರದಿಯೇ ಎಷ್ಟೋ ವರ್ಷ ಹಿಡಿಯುವುದರಿಂದ, ಮಕ್ಕಳು ಹೈಸ್ಕೂಲು ಮುಗಿಸಿದರೂ ಅಪ್ಪ ಅಮ್ಮನ ಕೈಗೆ ಮತಪತ್ರ ಬಂದಿರದ ಮನೆಗಳಿವೆ. ಅಲ್ಲೇ ಹುಟ್ಟಿದ ಮಗಳು 18 ತುಂಬಿದೊಡನೆ ಮನೆಯ ಮೊದಲ ಮತದಾರಳಾಗುತ್ತಾಳೆ. ಅಧ್ಯಕ್ಷರ ಹೆಸರಿಗೆ ಮಾತ್ರ ಗುರುತು ಹಾಕಿ ಉಳಿದ ಸಾಲುಗಳನ್ನು ಖಾಲಿ ಬಿಡಬೇಡಿ ಎಂದು ಅಂಥ ಮಕ್ಕಳಿಗೆ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಂದೊಂದು ಮತದ ತೂಕಕ್ಕೆ ಇನ್ನೊಂದು ಉದಾಹರಣೆ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಕೌಂಟಿ. ಅಲ್ಲಿ 2002ರಲ್ಲಿ ಪಿಂಚಣಿ ಹಗರಣದಿಂದ ಎಕ್ಸಿಕ್ಯೂಟಿವ್ ಕೆಳಗಿಳಿದರು. ತೆರವಾದ ಕುರ್ಚಿಗೆ ಬಂದವರು ಸ್ಕಾಟ್ ವಾಕರ್, ಮುಂದೆ ವಿಸ್ಕಾನ್ಸಿನ್ ರಾಜ್ಯಪಾಲರು. 2020ರ ಏಪ್ರಿಲ್ 7ರಂದು ಅಲ್ಲಿ ಮತ್ತೆ ತೆರೆದ ಸ್ಪರ್ಧೆ. ಕೊರೊನಾ ಕಾಲ. ಮಿಲ್ವಾಕಿ ನಗರದಲ್ಲಿ ಎಂದಿನ 180 ಮತಗಟ್ಟೆಗಳಲ್ಲಿ ತೆರೆದದ್ದು 5. ಜನ ಮಾಸ್ಕ್ ಕಟ್ಟಿಕೊಂಡು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಡೇವಿಡ್ ಕ್ರೌಲಿ ಗೆದ್ದದ್ದು ಸುಮಾರು ಒಂದು ಸಾವಿರ ಮತಗಳಿಂದ, ಆ ಹುದ್ದೆಗೆ ಚುನಾಯಿತರಾದ ಮೊದಲ ಕಪ್ಪು ಜನಾಂಗದವರು ಅವರು.

ಈ ಹುದ್ದೆಯ ಮೇಲೆ ಜನರ ಕಣ್ಣು ಯಾಕೆ ಇರಬೇಕು ಎಂಬುದಕ್ಕೆ ಸ್ಪೈರೋ ಆಗ್ನ್ಯೂ ಸಾಕು. 1962ರಲ್ಲಿ ಬಾಲ್ಟಿಮೋರ್ ಕೌಂಟಿಯ ಎಕ್ಸಿಕ್ಯೂಟಿವ್, 1967ರಲ್ಲಿ ಮೇರಿಲ್ಯಾಂಡ್ ರಾಜ್ಯಪಾಲ, 1969ರಲ್ಲಿ ನಿಕ್ಸನ್ ಅವರ ಉಪಾಧ್ಯಕ್ಷ. ಕೌಂಟಿಯಲ್ಲಿದ್ದಾಗಲೇ ಗುತ್ತಿಗೆದಾರರಿಂದ ಲಂಚ ಪಡೆಯಲು ಆರಂಭಿಸಿದ್ದರ ತನಿಖೆ ಬೆನ್ನಟ್ಟಿದ್ದರಿಂದ 1973ರಲ್ಲಿ ಉಪಾಧ್ಯಕ್ಷ ಪದವಿಗೇ ರಾಜೀನಾಮೆ ಕೊಡಬೇಕಾಯಿತು.

ಇನ್ನು 2028. ಬೆಸ ಸಂಖ್ಯೆಯ ವರ್ಷಗಳಲ್ಲಿ ಮತದಾನ ಕಡಿಮೆ ಎಂದು ಕಿಂಗ್ ಕೌಂಟಿ 2022ರಲ್ಲಿ ತನ್ನ ಚುನಾವಣೆಯನ್ನು ಸಮ ವರ್ಷಕ್ಕೆ ಬದಲಿಸಿಕೊಂಡಿದೆ. ಅದಕ್ಕಾಗಿ ಜಹಿಲೆ ಅವರ ಈ ಅವಧಿ ಮೂರೇ ವರ್ಷ, 2028ರಲ್ಲಿ ಮತ್ತೆ ಮತ. ಅದೇ ವರ್ಷ, ಸುಮಾರು ಒಂದು ಕೋಟಿ ಜನರಿರುವ, ಈವರೆಗೆ ಐವರು ಸೂಪರ್‌ವೈಸರ್‌ಗಳ ಮಂಡಳಿಯೇ ನಡೆಸಿಕೊಂಡು ಬಂದ ಲಾಸ್ ಏಂಜಲಿಸ್ ಕೌಂಟಿ ತನ್ನ ಮೊದಲ ಚುನಾಯಿತ ಎಕ್ಸಿಕ್ಯೂಟಿವ್‌ಗೆ ಮತ ಹಾಕಬೇಕಿದೆ. 2024ರ ನವೆಂಬರ್‌ನಲ್ಲಿ ಜನ ಅಲ್ಪ ಬಹುಮತದಿಂದ ಒಪ್ಪಿದ ಹುದ್ದೆ ಅದು.