ಬುಷ್‌ ಜಮೀನಿನ ಹಾವು, ಉಡ, ನೀಲಿ ನಾಲಗೆಗಳು

ಪೂರ್ವ ಆಸ್ಟ್ರೇಲಿಯಾದಲ್ಲಿ ಊರಾಚೆಯ ಕುರುಚಲು ಕಾಡಿಗೆ 'ಬುಷ್‌' ಎನ್ನುತ್ತಾರೆ. ನೀಲಗಿರಿ ಜಾತಿಯ ಮರಗಳ ನಡುವೆ ತಗಡಿನ ಚಾವಣಿಯ ಒಂದು ಮನೆ, ಮಳೆನೀರಿನ ಟ್ಯಾಂಕು, ಕಟ್ಟಿಗೆಯ ರಾಶಿ, ಕೋಳಿಗೂಡು, ಹಳೆಯ ಸಾಮಾನು ತುಂಬಿದ ಶೆಡ್ಡು: ಅಲ್ಲಿನ ಜಮೀನುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಈ ಖಂಡದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಸರೀಸೃಪಗಳಿವೆ. ಮಂಡಲದ ಹಾವಿನ ವರ್ಗದ್ದು ಒಂದೂ ಇಲ್ಲ. ಅಲ್ಲಿನ ನೆಲದ ಅಪಾಯಕಾರಿ ವಿಷದ ಹಾವುಗಳೆಲ್ಲ ನಮ್ಮ ನಾಗರಹಾವು, ಕಟ್ಟುಹಾವುಗಳ ಕುಟುಂಬಕ್ಕೇ, ಅಂದರೆ ಎಲಾಪಿಡೇ ಕುಟುಂಬಕ್ಕೇ ಸೇರಿದವು. ಬುಷ್‌ನಲ್ಲಿ ಮನೆ ಕಟ್ಟಿದವರ ಅಂಗಳಕ್ಕೆ ಇವುಗಳಲ್ಲಿ ಕೆಲವಾದರೂ ಬಂದೇ ಬರುತ್ತವೆ.

ಬರುವುದಕ್ಕೆ ಕಾರಣ ಮನೆಯವರೇ ಒದಗಿಸಿದ್ದು. ಕೋಳಿಗೆ ಹಾಕಿದ ಕಾಳು ಚೆಲ್ಲಿದಲ್ಲಿ ಇಲಿ ಸೇರುತ್ತದೆ, ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಕಾಯುವ ಹಳೆಯ ತಗಡಿನ ಹಾಳೆ ನೆಲದ ಮೇಲೆ ಬಿದ್ದಿದ್ದರೆ ಅದರ ಅಡಿ ಬೆಚ್ಚಗಿನ, ಬೇಟೆಗಾರ ಹಕ್ಕಿಗಳ ಕಣ್ಣಿಗೆ ಬೀಳದ ಜಾಗ. ಬೇಸಿಗೆಯಲ್ಲಿ ಸೋರುವ ನಲ್ಲಿ, ನಾಯಿಯ ನೀರಿನ ಬಟ್ಟಲು ಕೂಡ ಆಕರ್ಷಣೆಯೇ. ಆ ದೇಶದಲ್ಲಿ ಹಾವುಕಡಿತದ ಸಾವಿಗೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗುವ ಈಸ್ಟರ್ನ್‌ ಬ್ರೌನ್‌ ಎಂಬ ಕಂದು ಹಾವಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮರಿಯಾಗಿದ್ದಾಗ ಹಾವುರಾಣಿಯಂಥ ಸಣ್ಣ ಹಲ್ಲಿಗಳನ್ನು ತಿನ್ನುವ ಇದು ಬೆಳೆದ ಮೇಲೆ ಹೆಚ್ಚಾಗಿ ಇಲಿ ತಿನ್ನುತ್ತದೆ. ಯುರೋಪಿನಿಂದ ಬಂದು ನೆಲೆಸಿದವರು ಕಾಡು ಕಡಿದು ಗೋಧಿ ಬಿತ್ತಿದರು, ಅವರ ಹಡಗಿನಲ್ಲೇ ಮನೆಯಿಲಿಯೂ ಬಂತು. ಅನೇಕ ಹಾವುಗಳಿಗೆ ಮುಳುವಾದ ಈ ಬದಲಾವಣೆ ಕಂದು ಹಾವಿಗೆ ಮಾತ್ರ ಒಗ್ಗಿತು.

ಕಂದು ಹಾವು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ ಎಂಬ ಮಾತು ಅಲ್ಲಿನ ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ನ್ಯೂ ಸೌತ್‌ ವೇಲ್ಸ್‌ನ ಲೀಟನ್‌ ಬಳಿಯ ಕೃಷಿಭೂಮಿಯಲ್ಲಿ ಸಂಶೋಧಕರಾದ ಪ್ಯಾಟ್ರಿಕ್‌ ವಿಟೇಕರ್‌ ಮತ್ತು ರಿಕ್‌ ಶೈನ್‌ ಇದನ್ನು ಪರೀಕ್ಷೆಗೆ ಒಡ್ಡಿದರು. ಹಾವುಗಳ ಮೈಯಲ್ಲಿ ಪುಟ್ಟ ರೇಡಿಯೊ ಸಾಧನ ಅಳವಡಿಸಿ, ಅವಿದ್ದಲ್ಲಿಗೆ ಮನುಷ್ಯರೇ ನಡೆದುಹೋಗಿ ಏನಾಗುತ್ತದೆಂದು ಬರೆದಿಟ್ಟರು. 1999ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 455 ಮುಖಾಮುಖಿಗಳ ಲೆಕ್ಕವಿದೆ. ಸುಮಾರು ಅರ್ಧದಷ್ಟು ಸಲ ಹಾವು ಜಾಗ ಖಾಲಿ ಮಾಡಿತು, ಉಳಿದ ಬಹುಪಾಲು ಸಲ ಅಲುಗಾಡದೆ ಕಣ್ಣುತಪ್ಪಿಸಿಕೊಂಡಿತು. ಮನುಷ್ಯನತ್ತ ಮುಂದೆ ಬಂದದ್ದು 12 ಸಲ, ಅದರಲ್ಲೂ ನಿಜವಾಗಿ ದಾಳಿಯ ಉದ್ದೇಶ ಕಂಡದ್ದು ಮೂರು ಸಲ ಮಾತ್ರ. ಮೂಲೆಗೆ ಸಿಕ್ಕಿಬಿದ್ದ ಕಂದು ಹಾವಿನ ವಿಷಯ ಬೇರೆ. ಅದು ಕುತ್ತಿಗೆಯನ್ನು ಇಂಗ್ಲಿಷಿನ ಎಸ್‌ ಅಕ್ಷರದಂತೆ ಬಾಗಿಸಿ ಎದ್ದು ನಿಲ್ಲುತ್ತದೆ, ಮಿಂಚಿನ ವೇಗದಲ್ಲಿ ಹೊಡೆಯುತ್ತದೆ. ಹಾರೆ, ಸಲಿಕೆ ಹಿಡಿದು ಕೊಲ್ಲಹೊರಟವರಿಗೆ ಎದುರಾಗುವುದು ಈ ಭಂಗಿಯೇ.

ತೊರೆ, ಕೆರೆಗಳ ಅಂಚಿನ ಜಮೀನಿನಲ್ಲಿ ಇನ್ನೊಂದು ಹಾವು ಸಾಮಾನ್ಯ: ಮಿರುಗುವ ಕಪ್ಪು ಬೆನ್ನು, ಪಕ್ಕೆಯಲ್ಲಿ ಕೆಂಪು. ರೆಡ್‌ ಬೆಲ್ಲೀಡ್‌ ಬ್ಲ್ಯಾಕ್‌ ಎಂಬ ಈ ಕರಿಹಾವು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಕಪ್ಪೆ ಇದರ ಮುಖ್ಯ ಆಹಾರ, ಬೇರೆ ಹಾವುಗಳನ್ನೂ ನುಂಗುತ್ತದೆ. ಇದರ ವಿಷ ಕಂದು ಹಾವಿನಷ್ಟು ತೀವ್ರವಲ್ಲ, ಸ್ವಭಾವವೂ ಸೌಮ್ಯ. ಅದಕ್ಕೇ ಕರಿಹಾವು ಕಂಡರೆ ಬಿಟ್ಟುಬಿಡುವ ರೈತರೂ ಇದ್ದಾರೆ. ಆದರೆ ಅದರ ಕಪ್ಪೆಯ ಹಸಿವೇ ಅದಕ್ಕೆ ಸಂಕಟ ತಂದಿತು. ಕಬ್ಬಿನ ದುಂಬಿಗಳನ್ನು ಹತೋಟಿಗೆ ತರಲೆಂದು 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡಿಗೆ ತಂದ ಕೇನ್‌ ಟೋಡ್‌ ಎಂಬ ದೈತ್ಯ ನೆಲಗಪ್ಪೆ ದುಂಬಿಯನ್ನೇನೂ ಹತೋಟಿಗೆ ತರಲಿಲ್ಲ. ಅದರ ಚರ್ಮದ ವಿಷಗ್ರಂಥಿಗಳಿಂದ ಅದನ್ನು ನುಂಗಿದ ಹಾವು, ಉಡಗಳು ಸಾಯತೊಡಗಿದವು. ಬೆನ್ ಫಿಲಿಪ್ಸ್‌ ಮತ್ತು ಶೈನ್‌ 2004ರಲ್ಲಿ ಕಂಡುಕೊಂಡಂತೆ, ಈ ಕಪ್ಪೆ ಬಂದು ಹೆಚ್ಚು ವರ್ಷಗಳಾದ ಪ್ರದೇಶಗಳ ಕರಿಹಾವುಗಳ ತಲೆ ಮೈಗೆ ಹೋಲಿಸಿದರೆ ಚಿಕ್ಕದಾಗಿದೆ. ಚಿಕ್ಕ ಬಾಯಿಗೆ ದೊಡ್ಡ ಕಪ್ಪೆ ಹಿಡಿಸದು, ಸಣ್ಣ ಕಪ್ಪೆಯ ವಿಷ ಕೊಲ್ಲದು. ಎಪ್ಪತ್ತು ವರ್ಷದೊಳಗೇ ನಡೆದ ವಿಕಾಸ ಇದು.

ವಿಷವಿಲ್ಲದ ಕಾರ್ಪೆಟ್‌ ಹೆಬ್ಬಾವು ಇವೆರಡಕ್ಕಿಂತ ಉದ್ದ. ಚಾವಣಿಯ ಒಳಗೆ ಸೇರಿಕೊಂಡು ಇಲಿ, ಹೆಗ್ಗಣ, ಪಾಸಮ್‌ ಎಂಬ ಮರವಾಸಿ ಪ್ರಾಣಿಗಳನ್ನು ತಿಂದು ವರ್ಷಗಟ್ಟಲೆ ಅಲ್ಲೇ ಇದ್ದುಬಿಡುವುದುಂಟು. ಅದನ್ನು ಹಾಗೇ ಬಿಡುವವರೂ ಬಹಳ, ಕೋಳಿ ಕಳೆದುಕೊಂಡವರ ಅಭಿಪ್ರಾಯ ಮಾತ್ರ ಬೇರೆ. ಕೋಳಿಗೂಡಿನ ಇನ್ನೊಬ್ಬ ಅತಿಥಿ ಲೇಸ್‌ ಮಾನಿಟರ್‌. ನಮ್ಮ ಉಡದ ಹತ್ತಿರದ ನೆಂಟ, ಎರಡು ಮೀಟರ್‌ವರೆಗೂ ಬೆಳೆಯುತ್ತದೆ. ಮೊಟ್ಟೆ ಕದಿಯುವುದರಲ್ಲಿ ಇದನ್ನು ಮೀರಿಸುವವರಿಲ್ಲ, ಅಟ್ಟಿದರೆ ಸರಸರ ಮರವೇರುತ್ತದೆ. ತನ್ನ ಮೊಟ್ಟೆಯ ವಿಷಯದಲ್ಲಿ ಮಾತ್ರ ಇದಕ್ಕೆ ಬಹಳ ಮುಂದಾಲೋಚನೆ. ಹೆಣ್ಣು ಉಡ ಗೆದ್ದಲಗೂಡನ್ನು ಬಗೆದು ಒಳಗೆ ಮೊಟ್ಟೆಯಿಟ್ಟು ಹೋಗುತ್ತದೆ, ಗೆದ್ದಲುಗಳು ಆ ತೂತನ್ನು ಮತ್ತೆ ಮುಚ್ಚುತ್ತವೆ. ಚಳಿಗಾಲದಲ್ಲೂ ಒಳಗಿನ ಬಿಸಿ, ತೇವ ಹೆಚ್ಚು ಬದಲಾಗದೆ ಇರುವುದರಿಂದ ತಿಂಗಳುಗಟ್ಟಲೆ ಮೊಟ್ಟೆಗೆ ತಾನಾಗಿಯೇ ಕಾವು ಸಿಗುತ್ತದೆ. ಮರಿ ಹೊರಬರುವ ಹೊತ್ತಿಗೆ ಗೂಡು ಗಟ್ಟಿಯಾಗಿರುತ್ತದೆ. ಆಗ ತಾಯಿಯೇ ಮರಳಿ ಬಂದು ಬಗೆದು ದಾರಿ ಮಾಡಿಕೊಟ್ಟ ನಿದರ್ಶನಗಳಿವೆ. ಮರದ ಮೇಲಿನ ಗೆದ್ದಲಗೂಡನ್ನು ಕಂಡಲ್ಲೆಲ್ಲ ಒಡೆದುಹಾಕಿದ ಜಮೀನಿನಲ್ಲಿ ಉಡದ ಸಂತತಿಗೆ ತೊಡಕಾಗುವುದು ಇದರಿಂದಲೇ.

ಅಂಗಳದಲ್ಲಿ ಎಲ್ಲರಿಗೂ ಬೇಕಾದ ಜೀವಿ ನೀಲಿ ನಾಲಗೆಯ ಹಲ್ಲಿ. ಹಾವುರಾಣಿಯ ಕುಟುಂಬದ್ದು, ಆದರೆ ಮೊಳಕ್ಕಿಂತಲೂ ಉದ್ದ, ತೋಳಿನಷ್ಟು ದಪ್ಪ, ಕಾಲು ಮಾತ್ರ ಗಿಡ್ಡ. ಓಡಲಾರದು. ಬಸವನಹುಳು, ದುಂಬಿ, ಹಣ್ಣು, ಹೂವು ಹೀಗೆ ನಿಧಾನವಾಗಿ ಸಿಗುವುದನ್ನೇ ತಿನ್ನುತ್ತದೆ. ಶತ್ರು ತೀರಾ ಹತ್ತಿರ ಬಂದಾಗ ಗುಲಾಬಿ ಬಣ್ಣದ ಬಾಯಿ ಅಗಲಿಸಿ, ಬುಸುಗುಟ್ಟಿ, ಅಗಲವಾದ ನೀಲಿ ನಾಲಗೆಯನ್ನು ಫಕ್ಕನೆ ಹೊರಚಾಚುತ್ತದೆ. ಉತ್ತರದ ಪ್ರಭೇದವೊಂದರ ಮೇಲೆ ಮಕ್ವಾರಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ನಾಲಗೆ ನೇರಳಾತೀತ ಬೆಳಕನ್ನೂ ಪ್ರತಿಫಲಿಸುತ್ತದೆ, ಹೆಚ್ಚು ಹೊಳೆಯುವುದು ಅದರ ಹಿಂಭಾಗ. ಆ ಭಾಗವನ್ನು ಹಲ್ಲಿ ಕಟ್ಟಕಡೆಯ ಗಳಿಗೆಯಲ್ಲಿ ಮಾತ್ರ ತೋರಿಸುತ್ತದೆ. ನೇರಳಾತೀತವನ್ನು ಕಾಣಬಲ್ಲ ಹಕ್ಕಿ, ಹಾವು, ಉಡಗಳು ಬೆಚ್ಚಿ ಒಂದು ಕ್ಷಣ ಹಿಂಜರಿದರೆ ಹಲ್ಲಿಗೆ ಅಷ್ಟೇ ಸಾಕು.

ಕೇನ್‌ ಟೋಡ್‌ ಎದುರು ಇದಕ್ಕೆ ಸಿಕ್ಕ ರಕ್ಷಣೆಯ ಕಥೆ ಇನ್ನೂ ವಿಚಿತ್ರ. ನಮ್ಮ ಕಾಡುಬಸಳೆಯ ಸೋದರಸಂಬಂಧಿಯಾದ, ಮಡಗಾಸ್ಕರ್‌ ಮೂಲದ ಅಲಂಕಾರಿಕ ಗಿಡವೊಂದು ಪೂರ್ವ ಆಸ್ಟ್ರೇಲಿಯಾದಲ್ಲಿ ಕಳೆಯಾಗಿ ಹರಡಿದೆ. ಅದರ ವಿಷವೂ ಕೇನ್‌ ಟೋಡಿನ ವಿಷವೂ ಹೆಚ್ಚುಕಡಿಮೆ ಒಂದೇ ರಾಸಾಯನಿಕ. ಆ ಗಿಡ ಬೆಳೆದ ಸೀಮೆಯ ನೀಲಿ ನಾಲಗೆಗಳು ಕಪ್ಪೆಯನ್ನೇ ಕಾಣದಿದ್ದರೂ ಕಪ್ಪೆಯ ವಿಷವನ್ನು ತಾಳಿಕೊಳ್ಳುವುದು ಪ್ರಯೋಗದಲ್ಲಿ ಕಂಡುಬಂದಿದೆ. ಗಿಡವಿಲ್ಲದ ವಾಯವ್ಯ ಭಾಗದ ಹಲ್ಲಿಗಳಿಗೆ ಆ ಶಕ್ತಿಯಿಲ್ಲ.

ದಕ್ಷಿಣದ ಒಣನಾಡಿನಲ್ಲಿ ನೀಲಿ ನಾಲಗೆಯ ಬಂಧುವಾದ ಶಿಂಗಲ್‌ಬ್ಯಾಕ್‌ ವಾಸಿಸುತ್ತದೆ. ಬಾಲವೂ ತಲೆಯ ಆಕಾರದ್ದೇ. ದಕ್ಷಿಣ ಆಸ್ಟ್ರೇಲಿಯಾದ ಮೌಂಟ್‌ ಮೇರಿ ಬಳಿ ಫ್ಲಿಂಡರ್ಸ್‌ ವಿಶ್ವವಿದ್ಯಾಲಯದ ಮೈಕೇಲ್‌ ಬುಲ್‌ 1982ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಇವುಗಳ ಬೆನ್ನುಹತ್ತಿದರು. ವರ್ಷದ ಬಹುಕಾಲ ಒಂಟಿಯಾಗಿರುವ ಗಂಡು, ಹೆಣ್ಣು ಪ್ರತಿ ವಸಂತದಲ್ಲಿ ಅದೇ ಹಳೆಯ ಜೊತೆಗಾರರನ್ನು ಹುಡುಕಿಕೊಂಡು ಬರುವುದು ಅವರ ದಾಖಲೆಯಿಂದ ತಿಳಿದದ್ದು. ಕೆಲವು ಜೋಡಿಗಳು ಇಪ್ಪತ್ತು ವರ್ಷ ದಾಟಿದ್ದವು. ಈ ಹುಡುಕಾಟದ ಕಾಲದಲ್ಲೇ ಅನೇಕ ಹಲ್ಲಿಗಳು ಡಾಂಬರು ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ.

ಇಂಥ ಜಮೀನನ್ನು ನಿಭಾಯಿಸುವವರು ಕಲಿತ ಕ್ರಮ ಸರಳ. ಮನೆಯ ಸುತ್ತಲಿನ ಹುಲ್ಲು ಗಿಡ್ಡವಾಗಿರಬೇಕು, ಕಟ್ಟಿಗೆಯ ರಾಶಿ ಮತ್ತು ತಗಡುಗಳು ಮನೆಯಿಂದ ದೂರದಲ್ಲಿರಬೇಕು, ಕೋಳಿಯ ಕಾಳು ಇಲಿ ನುಗ್ಗದ ಡಬ್ಬದಲ್ಲಿರಬೇಕು, ಬಾಗಿಲ ಕೆಳಗಿನ ಸಂದು ಮುಚ್ಚಿರಬೇಕು. ದೂರದ ಮೂಲೆಯಲ್ಲಿ ಮರದ ದಿಮ್ಮಿ, ಕಲ್ಲಿನ ಗುಡ್ಡೆಗಳನ್ನು ಹಾಗೇ ಬಿಟ್ಟರೆ ಪ್ರಾಣಿಗಳಿಗೂ ಒಂದು ನೆಲೆ. ನೆಲ ನಡುಗಿಸಿ ಹಾವು ಓಡಿಸುತ್ತದೆಂದು ಮಾರುವ ಸೌರಶಕ್ತಿಯ ಗೂಟಗಳಿಗೆ ದುಡ್ಡು ಸುರಿಯುವುದು ದಂಡ. ಇಲಿಪಾಷಾಣವಂತೂ ಉಪಕಾರಕ್ಕಿಂತ ಅಪಕಾರವೇ. ವಿಷ ತಿಂದ ಇಲಿಯನ್ನು ಹಾವು ತಿನ್ನುತ್ತದೆ, ಬಸವನಹುಳುವಿಗೆ ಹಾಕಿದ ವಿಷದ ಗುಳಿಗೆ ನೀಲಿ ನಾಲಗೆಯ ಹೊಟ್ಟೆ ಸೇರುತ್ತದೆ. ಪರ್ತ್‌ ಸುತ್ತಮುತ್ತ ಸತ್ತ ಹಾವು, ಹಲ್ಲಿಗಳ ಯಕೃತ್ತಿನಲ್ಲಿ ಇಲಿಪಾಷಾಣದ ಅಂಶ ಪತ್ತೆಯಾಗಿದೆ. ಹಣ್ಣಿನ ಮರಕ್ಕೆ ಹೊದಿಸುವ ಬಲೆಯೂ ಸದ್ದಿಲ್ಲದ ಉರುಳು. ಅಗಲ ಕಣ್ಣಿನ ಬಲೆಯೊಳಗೆ ತಲೆ ತೂರಿಸಿದ ಹಾವು ಹುರುಪೆಯ ಕಾರಣ ಹಿಂದಕ್ಕೆ ಬರಲಾರದು, ಹೆಣಗಿದಷ್ಟೂ ನೂಲು ಮೈಗೆ ಕೊರೆಯುತ್ತದೆ, ಬಿಸಿಲೇರಿದರೆ ಸಾಯುತ್ತದೆ. ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಗಿಡಗಳಿಗೆ 5 ಮಿಲಿಮೀಟರ್‌ಗಿಂತ ಅಗಲ ಕಣ್ಣಿನ ಬಲೆ ಹಾಕುವಂತಿಲ್ಲ.

ಹಾವು ಎದುರಾದರೆ ನಿಂತು, ನಿಧಾನವಾಗಿ ಹಿಂದೆ ಸರಿದು, ಅದಕ್ಕೆ ದಾರಿ ಬಿಡುವುದು ಮೊದಲ ಪಾಠ. ದೇಶೀಯ ಸರೀಸೃಪಗಳಿಗೆ ಅಲ್ಲಿನ ರಾಜ್ಯಗಳ ಕಾನೂನಿನ ರಕ್ಷಣೆಯಿದೆ, ಸುಮ್ಮನೆ ಕೊಲ್ಲುವುದು ಅಪರಾಧ. ಮನೆಯೊಳಗೆ ಬಂದದ್ದನ್ನು ಹಿಡಿಯಲು ಪರವಾನಗಿ ಪಡೆದವರಿದ್ದಾರೆ. ಕಾನೂನಿಗಿಂತ ದೊಡ್ಡ ಕಾರಣವೂ ಒಂದಿದೆ: ಕಡಿತಕ್ಕೆ ಒಳಗಾದವರಲ್ಲಿ ಹಾವನ್ನು ಹಿಡಿಯಹೋದವರ ಪಾಲು ಗಣನೀಯ. ನಾಯಿಗೆ ಈ ಪಾಠ ಹೇಳಿ ಪ್ರಯೋಜನವಿಲ್ಲ. ಪ್ರತಿವಿಷ ಸಿಗದ ಪಕ್ಷದಲ್ಲಿ ಕಂದು ಹಾವು ಕಚ್ಚಿದ ನಾಯಿಗಳಲ್ಲಿ ಬದುಕುವುದು ಶೇ. 31, ಬೆಕ್ಕುಗಳಲ್ಲಿ ಶೇ. 66.

ಕಂದು ಹಾವಿನ ಹಲ್ಲು ಚಿಕ್ಕದು, ಕೆಲವೇ ಮಿಲಿಮೀಟರ್‌. ದಪ್ಪ ಬೂಟು, ಉದ್ದ ಪ್ಯಾಂಟು ಬಹಳಷ್ಟು ಕಡಿತಗಳನ್ನು ತಡೆಯುತ್ತವೆ. ಕಚ್ಚಿದ ಜಾಗ ಹೆಚ್ಚು ನೋಯದೆ, ಊದದೆ ಇರುವುದರಿಂದ ತರಚಿತೆಂದುಕೊಂಡು ಕೆಲಸ ಮುಂದುವರಿಸಿದವರಿದ್ದಾರೆ. ಅಪಾಯ ಅಲ್ಲೇ ಇರುವುದು. ಈ ವಿಷ ರಕ್ತದಲ್ಲಿನ ಪ್ರೋಥ್ರಾಂಬಿನ್‌ ಎಂಬ ಪ್ರೋಟೀನನ್ನು ನೇರವಾಗಿ, ಹೆಪ್ಪುಗಟ್ಟಿಸುವ ಥ್ರಾಂಬಿನ್‌ ಆಗಿಸುತ್ತದೆ. ಹೆಪ್ಪುಗಟ್ಟಿಸುವ ಪದಾರ್ಥಗಳೆಲ್ಲ ಹೀಗೆ ಖರ್ಚಾಗಿ ಕಡೆಗೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಕೆಲವರಲ್ಲಿ ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಲ್ಲುತ್ತದೆ.

ಅಲ್ಲಿನ ಹಾವುಗಳ ವಿಷ ಹೆಚ್ಚಾಗಿ ದುಗ್ಧನಾಳಗಳ ಮೂಲಕ ಹರಡುತ್ತದೆ. ಸ್ನಾಯು ಆಡಿದಂತೆ ಅದರ ಹರಿವೂ ಹೆಚ್ಚುತ್ತದೆ. ಇದನ್ನು ಆಧರಿಸಿ ಮೆಲ್ಬರ್ನ್‌ನ ಸಂಶೋಧಕ ಸ್ಟ್ರುವಾನ್‌ ಸದರ್‌ಲ್ಯಾಂಡ್‌ ಮತ್ತು ಸಂಗಡಿಗರು 1979ರಲ್ಲಿ ಹೊಸ ಪ್ರಥಮ ಚಿಕಿತ್ಸೆಯನ್ನು ಮುಂದಿಟ್ಟರು. ಅಗಲವಾದ ಎಲಾಸ್ಟಿಕ್‌ ಪಟ್ಟಿಯನ್ನು ಮೊದಲು ಕಚ್ಚಿದ ಜಾಗದ ಮೇಲೆ, ನಂತರ ಬೆರಳುಗಳಿಂದ ಆರಂಭಿಸಿ ಮೇಲಕ್ಕೆ ಇಡೀ ಕೈಗೆ ಅಥವಾ ಕಾಲಿಗೆ, ಉಳುಕಿಗೆ ಸುತ್ತುವಷ್ಟು ಬಿಗಿಯಾಗಿ ಸುತ್ತಬೇಕು. ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಬೇಕು. ಕಚ್ಚಿಸಿಕೊಂಡವರು ಒಂದು ಹೆಜ್ಜೆಯೂ ನಡೆಯಬಾರದು, 000 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸನ್ನೇ ಅವರಿದ್ದಲ್ಲಿಗೆ ಕರೆಸಬೇಕು. 2005ರಿಂದ 2015ರವರೆಗೆ ಅಲ್ಲಿ ನಡೆದ ಹಾವುಕಡಿತದ ಅಧ್ಯಯನವೊಂದರಲ್ಲಿ ದಾಖಲಾದ 1,548 ರೋಗಿಗಳ ಪೈಕಿ ವಿಷವೇರಿದ್ದು 835 ಮಂದಿಗೆ, ಸತ್ತವರು 23.

ಇತ್ತ ಭಾರತದಲ್ಲಿ ಹಾವುಕಡಿತದಿಂದ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆಂಬ ಅಂದಾಜಿದೆ. ಬರಿಗಾಲಿನ ಹೊಲಗೆಲಸ, ನೆಲದ ಮೇಲಿನ ನಿದ್ದೆ, ಆಸ್ಪತ್ರೆಯ ದೂರ ಎಲ್ಲವೂ ಇದಕ್ಕೆ ಕಾರಣ. ಕರ್ನಾಟಕ ಸರ್ಕಾರ 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆಸ್ಟ್ರೇಲಿಯಾದ ಬಿಗಿಪಟ್ಟಿಯನ್ನು ಮಾತ್ರ ಇಲ್ಲಿ ಅನುಕರಿಸಬಾರದು. ಮಂಡಲದ ಹಾವಿನ ವಿಷ ಕಚ್ಚಿದಲ್ಲೇ ಮಾಂಸವನ್ನು ಕೊಳೆಯಿಸುತ್ತದೆ, ಬಿಗಿದು ಅಲ್ಲೇ ತಡೆದರೆ ಕೈಕಾಲಿಗೇ ಕುತ್ತು. ಇಲ್ಲಿ ಹಾವು ಕಚ್ಚಿದರೆ ಕಟ್ಟು, ಕುಯ್ತ, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲುಗದಂತೆ ದಬ್ಬೆಯಿಟ್ಟು, 108ಕ್ಕೆ ಕರೆ ಮಾಡಿ, ಪ್ರತಿವಿಷವಿರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಡಮಾಡದೆ ಹೋಗಬೇಕು.